ಗೋಡೆ ತುಂಬ ದೊಡ್ಡಪ್ಪ

ಬಿಸಿಲು ಏರಿದ ಮೇಲೆ ನಲ್ಲಿಯ ನೀರು ಜ್ವರ ಬಂದವರ ಮೈಯಂತೆ ಕೈಗೆ ತಗಲುತ್ತಿತ್ತು. ಅದಕ್ಕೇ ಅವಳು ಬೆಳಿಗ್ಗೆ ಆರಕ್ಕೇ ಬಚ್ಚಲು ಸೇರಿದ್ದಳು. ಅಗಲವಾದ ಬೋಗುಣಿಯಲ್ಲಿ ಮಂಜುಗಡ್ಡೆ ಸುರಿದು, ಕಂದು ಸೀಸೆಗಳನ್ನು ಅದರಲ್ಲಿ ಕತ್ತಿನವರೆಗೆ ಮುಳುಗಿಸಿ, ಉಷ್ಣಮಾಪಕದ ಪಾದರಸ ಇಪ್ಪತ್ತಕ್ಕೆ ಇಳಿಯುವುದನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತಿದ್ದಳು. ಬೇಸಿಗೆಯಲ್ಲಿ ಫಿಲ್ಮು ತೊಳೆಯುವ ಕೆಲಸಕ್ಕೆ ಕೈ ಹಾಕಬಾರದು. ನೀರು ಎರಡು ಡಿಗ್ರಿ ಹೆಚ್ಚಾದರೂ ಫಿಲ್ಮಿನ ಮೇಲಿನ ಪದರ ಬೆಂದ ತರಕಾರಿಯ ಸಿಪ್ಪೆಯಂತೆ ಸುಲಿದು ಬರುತ್ತದೆ. ಮಂಜುಗಡ್ಡೆಯನ್ನು ನಿನ್ನೆ ಸಂಜೆ ಕೃಷಿ ಸಂಶೋಧನಾ ಕೇಂದ್ರದಿಂದ ತಗಡಿನ ಡಬ್ಬಿಯಲ್ಲಿ, ಭತ್ತದ ಹೊಟ್ಟಿನಲ್ಲಿ ಹುದುಗಿಸಿ ತಂದಿದ್ದಳು. ಅಲ್ಲಿಯ ಉಗ್ರಾಣದವನು ಅದನ್ನು ತುಂಬಿಕೊಡುತ್ತ, "ಏನಕ್ಕಾ, ಮನೇಲಿ ಹೆಣ ಇಟ್ಕೊಂಡಿದ್ದೀರಾ?" ಎಂದು ನಕ್ಕಿದ್ದ. ಅವನಿಗೇನು ಗೊತ್ತು. ಅವಳೂ ನಕ್ಕಿದ್ದಳು. ಆ ನಗು ಬಸ್ಸು ಹತ್ತಿದ ಮೇಲೂ ಮುಖದಲ್ಲಿ ಅಂಟಿಕೊಂಡೇ ಇತ್ತು, ಒರೆಸಿಕೊಂಡರೂ ಹೋಗಲಿಲ್ಲ. ದೊಡ್ಡಪ್ಪ ತೀರಿಕೊಂಡು ಒಂಬತ್ತು ದಿನವಾಗಿತ್ತು.

"ಆಯ್ತಾ ಮಗಳೇ?" ಹೊರಗಿನ ಬೆಂಚಿನ ಮೇಲಿಂದ ಅಪ್ಪ ಕೂಗಿದ.

"ಇನ್ನೂ ಶುರುವೇ ಆಗಿಲ್ಲಪ್ಪ. ನೀರು ತಣ್ಣಗಾಗ್ಲಿ."

"ಶುರು ಮಾಡೋಕೇ ಇಷ್ಟೊತ್ತಾ? ನಾವಾಗಿದ್ರೆ ಇಷ್ಟೊತ್ತಿಗೆ ಒಂದಾಳು ಆಳ ತೋಡಿರ್ತಿದ್ವಿ."

ಅವನ ದನಿಯಲ್ಲಿ ತಮಾಷೆ ಇತ್ತು, ತಮಾಷೆಯ ಕೆಳಗೆ ಅವಸರವೂ ಇತ್ತು. ಬಾವಿ ತೋಡುವವರ ಮನೆ ಅವರದು. ಅಪ್ಪ ಮತ್ತು ದೊಡ್ಡಪ್ಪ ಜೊತೆಯಾಗಿ ತೋಡಿದ ಬಾವಿಗಳು ಸುತ್ತಿನ ಹಳ್ಳಿಗಳಲ್ಲಿ ನೂರಕ್ಕೆ ಕಡಿಮೆ ಇರಲಿಲ್ಲ. ಅಣ್ಣ ಕೆಳಗೆ, ತಮ್ಮ ಮೇಲೆ ಹಗ್ಗ ಹಿಡಿದು. ಈಗ ಅಪ್ಪನಿಗೆ ತನ್ನ ಕಾಲಬುಡದ ಚಪ್ಪಲಿಯೂ ಕಾಣುವುದಿಲ್ಲ. ಕಣ್ಣಿನ ನಡುಭಾಗ ಸವೆದುಹೋಗಿದೆ, ಅಂಚು ಮಾತ್ರ ಉಳಿದಿದೆ ಎಂದಿದ್ದರು ಕಣ್ಣಿನ ಡಾಕ್ಟರು. ಅಂಚೂ ಒಂದು ದಿನ ಹೋಗುತ್ತೆ, ಆಮೇಲೆ ಬೆಳಕು ಬಿದ್ದಿದ್ದು ಗೊತ್ತಾಗುತ್ತೆ, ಬೇರೇನೂ ಗೊತ್ತಾಗಲ್ಲ ಎಂದೂ ಹೇಳಿದ್ದರು. ಅಪ್ಪ ಅದನ್ನು ಹವಾಮಾನದ ಸುದ್ದಿ ಕೇಳಿದವನಂತೆ ಕೇಳಿಸಿಕೊಂಡು, "ಆ ದಿನ ಬಂದಾಗ ನಂಗೆ ಹೇಗೆ ಗೊತ್ತಾಗುತ್ತೆ ಸಾರ್?" ಎಂದು ಕೇಳಿದ್ದ. ಗೊತ್ತಾಗುತ್ತೆ ಯಜಮಾನ್ರೇ ಎಂದಿದ್ದರು ಡಾಕ್ಟರು.

ಮೂವತ್ತು ವರ್ಷ ಅವಳು ಆ ಕೇಂದ್ರದ ಫೋಟೋ ಕೋಣೆಯಲ್ಲಿ ಕೊಳೆತ ಬೇರುಗಳನ್ನು, ಚುಕ್ಕೆ ಬಿದ್ದ ಎಲೆಗಳನ್ನು, ಹುಳುವಿನ ಮೊಟ್ಟೆಗಳನ್ನು ತೆಗೆದು, ತೊಳೆದು, ಒಣಗಿಸಿ, ಹಿಂದೆ ನಂಬರು ಬರೆದು ಕೊಟ್ಟವಳು. ಮೂರು ವರ್ಷದ ಕೆಳಗೆ ಕೋಣೆಗೆ ಬೀಗ ಹಾಕಿ ಅವಳನ್ನು ಉಗ್ರಾಣಕ್ಕೆ, ಗೋಣಿಚೀಲ ಎಣಿಸುವುದಕ್ಕೆ ಹಾಕಿದರು. ಹೊಸದಾಗಿ ಬಂದ ರೋಗದ ಡಾಕ್ಟರು, ಅಂದರೆ ಗಿಡಗಳ ರೋಗದವರು, ತಮ್ಮ ಫೋನನ್ನು ಎಲೆಯ ಮೇಲೆ ಹಿಡಿದು "ನೋಡಿ, ಆಯ್ತು" ಎಂದು ಅವಳಿಗೆ ತೋರಿಸಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಮಗುವಿಗೆ ತೋರಿಸಿದ ಹಾಗೆ. ಗುಜರಿಗೆ ಹೋಗಲಿದ್ದ ಸ್ಲೈಡ್ ಪ್ರೊಜೆಕ್ಟರನ್ನು ಅವಳು ಬೇಡಿ ಮನೆಗೆ ತಂದಳು. ಒಂದು ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ, ಕೊಳೆರೋಗ ಬಂದ ಎಲೆಯೊಂದರ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟು ಲೆನ್ಸು ಸರಿಮಾಡುತ್ತಿದ್ದಾಗ, ಗೋಡೆ ಸವರಿಕೊಂಡು ಬರುತ್ತಿದ್ದ ಅಪ್ಪ ತಟಕ್ಕನೆ ನಿಂತು, "ಇದೇನೇ ಇದು, ಎಲೆನಾ? ತೂತು ಬಿದ್ದಿದೆಯಲ್ಲ!" ಎಂದ. ತಟ್ಟೆಯಲ್ಲಿಟ್ಟಿದ್ದೇನೆಂದು ಕೈಯಲ್ಲಿ ಮುಟ್ಟಿ ತಿಳಿಯುವ ಮನುಷ್ಯ. ಕಪ್ಪು ಕಡುಕಪ್ಪಾಗಿ, ಬಿಳುಪು ಕಣ್ಣು ಕುಕ್ಕುವಂತಿದ್ದು, ಎಲೆಯೊಂದು ಆಳೆತ್ತರವಾದರೆ ಅವನ ಕಣ್ಣಿನ ಅಂಚು ಅದನ್ನು ಹಿಡಿಯುತ್ತಿತ್ತು. ತನ್ನ ನೆರಳು ಚಿತ್ರದ ಮೇಲೆ ಬೀಳದ ಹಾಗೆ ಪಕ್ಕದಿಂದ ಬರುವುದನ್ನು ಕಲಿತುಕೊಂಡ. ಗೋಡೆಗೆ ಒಂದು ಗೇಣು ದೂರದಲ್ಲಿ ಮುಖ ಹಿಡಿದು, ಕೋಳಿ ಕಾಳು ನೋಡುವ ಹಾಗೆ ತಲೆ ಓರೆ ಮಾಡಿ ನೋಡುತ್ತಿದ್ದ. ಅವಳು ಪುಸ್ತಕ ನೋಡಿ ಮನೆಯಲ್ಲೇ ಸ್ಲೈಡು ಮಾಡುವುದನ್ನು ಕಲಿತಳು. ಬೀದಿ, ಪಂಪುಮನೆ, ಪಕ್ಕದ ಮನೆಯವಳ ಮೂಗುತಿ, ಹಳೆಯ ಬಾವಿಯ ಕಲ್ಲುಕಟ್ಟು. ಬಾವಿಯ ಮುಂದೆ ಅಪ್ಪ ಅರ್ಧ ಗಂಟೆ ನಿಂತಿದ್ದ. ಒಂದೊಂದು ಕಲ್ಲಿಗೂ ಮುಖ ಕೊಟ್ಟು ಮೂಸಿದವನಂತೆ ನೋಡಿ, ಕೊನೆಗೆ ಗೋಡೆಗೇ ಹೇಳಿದವನಂತೆ, "ಅಣ್ಣನ್ನ ಹಾಕ್ತೀಯಾ?" ಎಂದ.

ಇಪ್ಪತ್ತಾರು ವರ್ಷ ಮಾತಿರಲಿಲ್ಲ. ಅಣ್ಣನನ್ನು ಬಾವಿಯಿಂದ ಮೇಲೆತ್ತುವಾಗ, ಇನ್ನೇನು ಕೈ ಕೊಟ್ಟು ಎಳೆದುಕೊಳ್ಳಬೇಕು ಅನ್ನುವಷ್ಟರಲ್ಲಿ, ಹಗ್ಗ ಹೋಯಿತು. ಸೊಂಟದ ಮೂಳೆ ಎರಡಾಯಿತು. ಹಗ್ಗ ಜಾರಿತು ಎಂದ ಅಪ್ಪ. ನಿದ್ದೆ ಮಾಡಿದ ಎಂದ ದೊಡ್ಡಪ್ಪ. ಎರಡೇ ವಾಕ್ಯ. ಅವುಗಳ ಮೇಲೆ ಎರಡು ಮನೆ, ಎರಡು ಊರು, ಎರಡು ಮುಪ್ಪು ಕಟ್ಟಿಕೊಂಡರು. ಅವಳಿಗೆ ಆಗ ಇಪ್ಪತ್ತೇಳು. ಅಪ್ಪ ಆ ಸಂಜೆ ಮನೆಗೆ ಬಂದು ಕೈಕಾಲು ತೊಳೆಯದೆ ಕತ್ತಲಲ್ಲಿ ಕೂತಿದ್ದು, ಅವಳು ದೀಪ ಹಾಕಿದರೆ "ಆರಿಸು" ಎಂದಿದ್ದು ನೆನಪಿದೆ.

ಪಾದರಸ ಇಪ್ಪತ್ತಕ್ಕೆ ನಿಂತಿತು. ನಿನ್ನೆಯೇ ಕಂಬಳಿಯೊಳಗೆ ತಲೆ ಹುದುಗಿಸಿ, ಬೆವರಿನ ಕತ್ತಲೆಯಲ್ಲಿ, ಫಿಲ್ಮನ್ನು ಬೆಳಕು ನುಸುಳದ ಟ್ಯಾಂಕಿನೊಳಗಿನ ರೀಲಿಗೆ ಸುತ್ತಿಟ್ಟಿದ್ದಳು. ಈಗ ಮೊದಲ ಡೆವಲಪರನ್ನು, ಚಿತ್ರ ಮೂಡಿಸುವ ದ್ರಾವಣವನ್ನು, ಸುರಿದು ಗಡಿಯಾರ ನೋಡಿದಳು. ಹನ್ನೆರಡು ನಿಮಿಷ. ನಿಮಿಷಕ್ಕೊಮ್ಮೆ ಮಗುಚಿ, ತಳವನ್ನು ನೆಲಕ್ಕೆ ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿದಳು. ಕೇಂದ್ರದಲ್ಲಿ ಮಾಡುತ್ತಿದ್ದದ್ದು ನೆಗೆಟಿವು. ಅದರಲ್ಲಿ ಎಡವಿದರೂ ಇನ್ನೊಂದು ಪ್ರತಿ ತೆಗೆಯಬಹುದು. ಸ್ಲೈಡಿಗೆ ಹಾಗಿಲ್ಲ, ಕ್ಯಾಮೆರಾದೊಳಗೆ ಕೂತಿದ್ದ ಆ ಫಿಲ್ಮೇ ಚಿತ್ರವಾಗಬೇಕು. ಮೊದಲು ಮೂಡಿದ ಉಲ್ಟಾ ಚಿತ್ರವನ್ನು ಬ್ಲೀಚು ತಿಂದುಹಾಕುತ್ತದೆ. ಉಳಿದ ಭಾಗಕ್ಕೆ ಬೆಳಕು ತೋರಿಸಿ ಎರಡನೇ ಡೆವಲಪರಿನಲ್ಲಿ ಮುಳುಗಿಸಿದರೆ ಅದು ಕಪ್ಪಾಗಿ ನಿಜವಾದ ಮುಖ ಏಳುತ್ತದೆ. ಕೊನೆಗೆ ಫಿಕ್ಸರು, ಕಪ್ಪಾಗದೆ ಉಳಿದದ್ದನ್ನೆಲ್ಲ ಕರಗಿಸಿ ಬಿಡುವಂಥದ್ದು. ಸೀಸೆಗಳು ಸಾಲಾಗಿ ನಿಂತಿದ್ದವು, ಒಂದೊಂದರ ಮೇಲೂ ಅವಳದೇ ದುಂಡಕ್ಷರ.

ಚಿತ್ರ ತೆಗೆದ ದಿನ ದೊಡ್ಡಪ್ಪನ ಅಂಗಳದಲ್ಲಿ ಬಿಸಿಲು ಬಿಳಿಯ ಬಟ್ಟೆ ಹಾಸಿದಂತೆ ಬಿದ್ದಿತ್ತು. ಅವನ ಸೊಸೆ ಅವನನ್ನು ಕೈಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದಳು. ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. "ಬೆಳಿಗ್ಗೆಯಿಂದ ಮೂರು ಸಲ ಬಾಚ್ಕೊಂಡಿದ್ದಾರೆ, ಇರೋ ನಾಲ್ಕು ಕೂದ್ಲು," ಎಂದಳು ಸೊಸೆ. ದೊಡ್ಡಪ್ಪ ಅವಳನ್ನು ಗದರಿ, ಇವಳ ಕಡೆ ತಿರುಗಿ, "ಅವನಿಗೆ ಕಣ್ಣು ಹೋಯ್ತಂತೆ? ನಂಗೆ ಕಾಲಿಲ್ಲ. ಇಬ್ರನ್ನೂ ಸೇರಿಸಿ ಕಟ್ಟಿದ್ರೆ ಒಬ್ಬ ಪೂರ್ತಿ ಮುದುಕ ಆಗ್ತಾನೆ ನೋಡು," ಎಂದ. ಅಪ್ಪ ಬರಲಾ ಎಂದು ಕೇಳುತ್ತಿದ್ದಾನೆ ಅಂದಳು ಅವಳು. ದೊಡ್ಡಪ್ಪನ ಮುಖ ಮುಚ್ಚಿಕೊಂಡಿತು. "ಬೇಡ. ಮೊದ್ಲು ನನ್ನ ಮುಖ ನೋಡ್ಲಿ, ಆಮೇಲೆ ಬರ್ಲಿ. ನೀನು ಗೋಡೆ ತುಂಬ ಬರೋ ಹಾಗೆ ತೆಗಿ ನನ್ನ. ಅವನಿಗೆ ತಪ್ಪಿಸ್ಕೊಳ್ಳೋಕೆ ಜಾಗ ಇರಬಾರ್ದು." ತೆಗೆದಳು. ಎದುರಿನಿಂದ, ಓರೆಯಿಂದ, ಹತ್ತಿರದಿಂದ. ಮುಗಿಯಿತು ಎಂದು ಅವಳು ಕ್ಯಾಮೆರಾ ಇಳಿಸುವಾಗ, "ತಾಳು, ಇನ್ನೊಂದು," ಎಂದು ಬಲಗೈ ಎತ್ತಿ, ಅಂಗೈಯನ್ನು ಲೆನ್ಸಿಗೆ ತೋರಿಸಿದ. ಸಾಕು ಅನ್ನುವಂತೆಯೋ, ಬಾ ಅನ್ನುವಂತೆಯೋ, ಹೋಗಲಿ ಬಿಡು ಅನ್ನುವಂತೆಯೋ. ಅವಳು ಕೇಳಲಿಲ್ಲ. ಅಪ್ಪ ನೋಡಿದರೆ ಅವನಿಗೆ ಗೊತ್ತಾಗುತ್ತದೆ, ಇಬ್ಬರೂ ಬಾವಿಯ ಮೇಲಿಂದ ಕೆಳಕ್ಕೆ ಕೈಸನ್ನೆಯಲ್ಲೇ ಮಾತಾಡಿದವರು, ತಾನು ಯಾಕೆ ನಡುವೆ ಬಾಯಿ ಹಾಕಲಿ ಎಂದುಕೊಂಡಳು.

ಅದು ಮೂರು ವಾರದ ಹಿಂದೆ. ಆ ದಿನವೇ, ಆ ವಾರವೇ ಮಾಡಿದ್ದರೆ! ಬ್ಲೀಚಿನ ಪುಡಿ ಹಳೆಯದಾಗಿತ್ತು, ಹೊಸದು ತರಿಸಬೇಕೆಂದಳು. ನೀರು ಬಿಸಿ ಎಂದಳು. ಅಪ್ಪ ದಿನಾ ಕೇಳುತ್ತಿದ್ದ, ಅವಳು ದಿನಾ ಹೇಳುತ್ತಿದ್ದಳು, "ಇದನ್ನ ಹಾಳು ಮಾಡೋಕಾಗಲ್ಲಪ್ಪ, ಸರಿಯಾಗಿ ಮಾಡ್ಬೇಕು." ಅದರಲ್ಲಿ ಭಯ ಎಷ್ಟು, ಜಂಬ ಎಷ್ಟು ಎಂದು ಈಗ ಅಳೆದು ನೋಡಿದರೆ ಜಂಬದ ಕಡೆಯೇ ತೂಗುತ್ತಿತ್ತು. ಮೂರು ವರ್ಷದಿಂದ ಯಾರೂ ಅವಳ ಕೆಲಸಕ್ಕೆ ಕಾದಿರಲಿಲ್ಲ. ಕಾಯಲಿ ಅನಿಸಿತ್ತೇನೋ, ಒಳಗೆಲ್ಲೋ. ಆಮೇಲೆ ಸೊಸೆಯ ಫೋನು ಬಂತು. ಅಪ್ಪ ಹೊರಡಲೆಂದು ಎದ್ದು ಕೋಲು ಹಿಡಿದು, ಬಾಗಿಲವರೆಗೆ ಹೋಗಿ, ಮತ್ತೆ ಬಂದು ಬೆಂಚಿನ ಮೇಲೆ ಕೂತ. "ಮುಖ ನೋಡದೆ ಬರಬೇಡ ಅಂದಿದ್ದಾನಲ್ಲ," ಎಂದ. ಅವಳನ್ನು ಒಂದು ಮಾತು ಬಯ್ಯಲಿಲ್ಲ.

ನೀರು ಬದಲಾಯಿಸಿದಳು, ಬ್ಲೀಚು ಸುರಿದಳು, ಮತ್ತೆ ನೀರು, ಕಲೆ ತೆಗೆಯುವ ದ್ರಾವಣ, ಮತ್ತೆ ನೀರು. ಇನ್ನು ಮುಚ್ಚಳ ತೆಗೆಯಬಹುದು, ಬೆಳಕಿಗೆ ಹೆದರುವ ಕಾಲ ಮುಗಿಯಿತು. ಬಲ್ಬಿನ ಕೆಳಗೆ ರೀಲನ್ನು ಎತ್ತಿ ಹಿಡಿದು, ಹೊರಸುತ್ತನ್ನು ಒಂದು ಗೇಣು ಬಿಡಿಸಿ ನೋಡಿದಳು. ಹಾಲಿನ ಕೆನೆಯಂಥ ಪದರದಲ್ಲಿ, ಹಬೆ ಕಟ್ಟಿದ ಗಾಜಿನಾಚೆ ಯಾರೋ ನಿಂತ ಹಾಗೆ, ದೊಡ್ಡಪ್ಪ ಇದ್ದ. ಅಂಗಿಯ ಕಾಲರು. ನಾಲ್ಕು ಕೂದಲು. ಎತ್ತಿದ ಕೈ. ಈ ಕೈಯನ್ನು ಅಪ್ಪ ಹೇಗೆ ಓದುತ್ತಾನೆ, ಓದಿ ಏನು ಹೇಳುತ್ತಾನೆ, ಹೇಳಿದರೂ ಯಾರಿಗೆ ಹೇಳುತ್ತಾನೆ ಈಗ, ತಾನು ಎರಡು ವಾರ ಮೊದಲು ಈ ಬಚ್ಚಲಿಗೆ ಬಂದಿದ್ದರೆ ಇವರಿಬ್ಬರೂ ಆ ಅಂಗಳದಲ್ಲಿ ಎದುರುಬದುರು ಕೂತು ಬೈದಾಡಿಕೊಳ್ಳುತ್ತಿದ್ದರಲ್ಲ, ಎಂದು ಅವಳ ಮನಸ್ಸು ಎಲ್ಲೆಲ್ಲೋ ಹರಿಯಿತು. ಮನಸ್ಸು ಆ ಅಂಗಳದಲ್ಲಿದ್ದಾಗ ಕೈ ಬಚ್ಚಲಲ್ಲಿತ್ತು. ಕೈಗೆ ಮೂವತ್ತು ವರ್ಷದ ನೆಗೆಟಿವಿನ ಅಭ್ಯಾಸ. ಹಾಲುಬಣ್ಣ ಉಳಿದಿದ್ದರೆ ಫಿಕ್ಸರು ಸಾಲದು, ತಿಳಿಯಾಗುವ ತನಕ ಮತ್ತೆ ಹಾಕು. ಎಷ್ಟು ಸಾವಿರ ಎಲೆಗಳಿಗೆ ಹಾಗೆ ಮಾಡಿತ್ತೋ ಆ ಕೈ. ಸಾಲಿನ ಕೊನೆಯ ಸೀಸೆ ಎತ್ತಿ ಟ್ಯಾಂಕಿಗೆ ಸುರಿಯಿತು, ಮಗುಚಿತು, ತಟ್ಟಿತು, ಐದು ನಿಮಿಷ ಕಾಯಿತು.

ರೀಲು ಎತ್ತಿದಾಗ ಫಿಲ್ಮು ಗಾಜಿನಂತೆ ತಿಳಿಯಾಗಿತ್ತು. ಎಷ್ಟು ಚೆನ್ನಾಗಿ ಬಿಟ್ಟಿದೆ ಎಂದುಕೊಂಡಳು. ನಿಜವಾಗಿ ಹಾಗೆಂದುಕೊಂಡಳು, ಒಂದು ಉಸಿರಿನಷ್ಟು ಹೊತ್ತು, ಹೆಮ್ಮೆಯಿಂದ. ಆಮೇಲೆ ಆ ಗಾಜಿನ ಮೂಲಕ ಎದುರಿನ ಗೋಡೆ, ಸೋಪಿನ ಡಬ್ಬಿ, ಸಾಲಿನಲ್ಲಿ ಇನ್ನೂ ತುಂಬಿ ನಿಂತಿದ್ದ ಎರಡನೇ ಡೆವಲಪರಿನ ಸೀಸೆ ಕಂಡವು. ಪೂರ್ತಿ ಬಿಚ್ಚಿದಳು. ಒಂದು ಮಾರು ಉದ್ದ, ಈ ತುದಿಯಿಂದ ಆ ತುದಿಗೆ, ಏನೂ ಇರಲಿಲ್ಲ. ಫಿಕ್ಸರಿನ ನೀರನ್ನು ಬೆರಳಲ್ಲಿ ಕಲಕಿದಳು, ಅದರಲ್ಲಿ ಇರಬಹುದೇನೋ ಅನ್ನುವಂತೆ. ಇದ್ದ, ಅದರಲ್ಲೇ ಕರಗಿದ್ದ. ಒಂಬತ್ತು ದಿನದ ಹಿಂದೆ ಒಮ್ಮೆ ಹೋದವನನ್ನು ತನ್ನ ಕೈಯಾರೆ ಇನ್ನೊಮ್ಮೆ ಕಳಿಸಿದ್ದಳು. ಅಳು ಬರಲಿಲ್ಲ. ಸೀಸೆಗಳಿಗೆ ಒಂದೊಂದಾಗಿ ಬಿರಡೆ ಹಾಕಿದಳು.

"ಆಯ್ತಾ?"

"ಆಯ್ತು," ಎಂದಿತು ಬಾಯಿ.

ಹೇಳಿಬಿಡಬೇಕೆಂದೇ ಹೊರಗೆ ಬಂದಳು. ಅಪ್ಪ ಬೆಂಚಿನ ಮೇಲಿರಲಿಲ್ಲ. ಅಷ್ಟು ಹೊತ್ತಿಗೆ ತಡಕಾಡಿಕೊಂಡೇ ನಡುಮನೆಯ ಎರಡೂ ಕಿಟಕಿಗೆ ಕಂಬಳಿ ಕಟ್ಟಿದ್ದ. ಒಂದು ಸೊಟ್ಟಗಿತ್ತು. ಬಟ್ಟೆ ಬದಲಾಯಿಸಿದ್ದ, ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಮುಖ ಕ್ಷೌರ ಮಾಡಿಕೊಂಡಿದ್ದ, ಗಲ್ಲದ ಮೇಲೆ ಒಂದು ಗೀರು ರಕ್ತ. "ಒಣಗೋಕೆ ಎಷ್ಟೊತ್ತು ಬೇಕು?" ಎಂದ. ಮಧ್ಯಾಹ್ನ ಆಗುತ್ತೆ ಎಂದಳು. ಆ ಮಧ್ಯಾಹ್ನದವರೆಗೆ ಹೇಳಲು ನೂರು ಸಲ ಸಮಯವಿತ್ತು. ಒಣಗಲು ಏನೂ ಇಲ್ಲದ ಫಿಲ್ಮನ್ನು ಹಗ್ಗಕ್ಕೆ ತೂಗುಹಾಕಿ, ತುದಿಗೆ ಚಿಮುಟ ಕಚ್ಚಿಸಿದಳು. ಆಮೇಲೆ ಕತ್ತರಿಸಿ, ಚೌಕಟ್ಟುಗಳಿಗೆ ಸೇರಿಸಿದಳು. ಗೋಡೆಯೇ ಹೇಳಲಿ, ಖಾಲಿ ಗೋಡೆ ನೋಡಿ ಅವನೇ ಕೇಳುತ್ತಾನೆ, ಕೇಳಿದಾಗ ಹೇಳುವುದು ಸುಲಭ ಎಂದುಕೊಂಡಳು. ತಪ್ಪು ಮಾಡಿದ ಮಕ್ಕಳು ಒಡೆದ ಪಾತ್ರೆಯನ್ನು ಎದ್ದು ಕಾಣುವ ಕಡೆ ಇಟ್ಟು ದೂರ ಹೋಗಿ ಕೂರುವ ಹಾಗೆ.

ಪ್ರೊಜೆಕ್ಟರಿನ ಫ್ಯಾನು ಗೊರಗುಟ್ಟಿತು. ಗೋಡೆಯ ಮೇಲೆ ಬೆಳಕಿನ ಚೌಕ ಬಿತ್ತು, ಅಂಚಿನಿಂದ ಅಂಚಿಗೆ ಬೆಳ್ಳಗೆ. ಅಪ್ಪ ಪಕ್ಕದಿಂದ ಬಂದು ಮುಖ ಹತ್ತಿರ ತಂದ. ತಲೆ ಓರೆ ಮಾಡಿದ. ಇನ್ನೊಂದು ಕಡೆಗೆ ಓರೆ ಮಾಡಿದ. ಕಣ್ಣು ಉಜ್ಜಿಕೊಂಡ.

"ಹಾಕಿದ್ದೀಯಾ?"

ಈಗ. ಈಗ ಹೇಳಬೇಕು. "ಹೂಂ," ಎಂದಳು.

"ಬರೀ ಬೆಳಕು ಮಗಳೇ. ಕಪ್ಪೇ ಇಲ್ಲ ಎಲ್ಲೂ." ಅವನ ದನಿ ಸಣ್ಣಗಾಯಿತು. "ಆ ಬಾವೀದು ಹಾಕು ನೋಡಾಣ. ಹಳೇದು. ಅದು ನಂಗೆ ಚೆನ್ನಾಗಿ ಕಾಣಿಸ್ತಿತ್ತು."

ಬಾವಿಯ ಸ್ಲೈಡು ಅವಳ ಮೊಣಕೈ ಪಕ್ಕದ ಡಬ್ಬಿಯಲ್ಲೇ ಇತ್ತು. ಹಾಕಿದರೆ ಕಲ್ಲುಗಳು ಒಂದೊಂದಾಗಿ ಗೋಡೆಯ ಮೇಲೆ ಏಳುತ್ತಿದ್ದವು, ಅಪ್ಪ "ಹಾಂ!" ಎನ್ನುತ್ತಿದ್ದ, ಆಮೇಲೆ ಅವಳ ಕಡೆ ತಿರುಗುತ್ತಿದ್ದ. ಆ ತಿರುಗುವಿಕೆಯನ್ನು ಅವಳು ಮೊದಲೇ ಕಂಡಳು. ಬೆರಳು ಡಬ್ಬಿಯನ್ನು ಮುಟ್ಟಿ, ಹಿಂದೆ ಬಂದು, ಎರಡನೆಯ ಖಾಲಿ ಚೌಕಟ್ಟನ್ನು ಎತ್ತಿಕೊಂಡಿತು. ಇದು ಕೈಯ ಅಭ್ಯಾಸವಲ್ಲ. ಇದನ್ನು ಮಾಡಿದ್ದು ಅವಳೇ, ಪೂರ್ತಿ ಎಚ್ಚರದಲ್ಲಿ. ಖಟಕ್ ಎಂದು ಸದ್ದಾಯಿತು, ಬೆಳಕು ಮಿಟುಕಿ ಮತ್ತೆ ಬಿತ್ತು.

"ಹಾಕಿದ್ದೀನಪ್ಪ."

ಅಪ್ಪ ನೋಡುತ್ತ ನಿಂತ. ಅವನು ಒಂದು ಕೈ ಎತ್ತಿದ್ದರೆ ಸಾಕಿತ್ತು, ಆ ಕೈಯ ನೆರಳು ಕಡುಕಪ್ಪಾಗಿ ಗೋಡೆಗೆ ಬಿದ್ದು ಅವನಿಗೆ ಎಲ್ಲ ಹೇಳಿಬಿಡುತ್ತಿತ್ತು. ಎತ್ತಲಿ ಎಂದು ಬೇಡಿಕೊಂಡಳು, ಎತ್ತದಿರಲಿ ಎಂದೂ. ಚಿತ್ರಕ್ಕೆ ನೆರಳು ತಾಗಬಾರದೆಂದು ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಸರಿ. ಡಾಕ್ಟರು ಹೇಳಿದ ದಿನ ಇದೇ ಇರ್ಬೇಕು," ಎಂದ. "ಗೊತ್ತಾಗುತ್ತೆ ಅಂದಿದ್ರು, ಗೊತ್ತಾಯ್ತು. ಆರಿಸು, ಬಲ್ಬು ಸುಟ್ಟೋದೀತು, ಇನ್ನೊಂದು ಸಿಗಲ್ಲ ಅಂತೀಯ."

ಆರಿಸಿದಳು. ಕಂಬಳಿಯ ಸೊಟ್ಟ ಅಂಚಿನಿಂದ ಬಂದ ಒಂದು ಗೆರೆ ಬಿಸಿಲು ಬಿಟ್ಟರೆ ಕತ್ತಲೆ. ಅಪ್ಪ ಗೋಡೆಯ ಹತ್ತಿರವೇ ಇದ್ದ. "ಎಲ್ಲಿದ್ದ ಅವನು? ನೀನು ನೋಡಿದ್ದೀಯಲ್ಲ. ನನ್ನ ಕೈ ಇಡು ಅಲ್ಲಿ."

ಅವಳು ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದಳು. ಇದು ಹಣೆ, ಎಂದಳು. ಕೂದಲು ನಾಲ್ಕೇ ಇವೆ, ಬಾಚಿಕೊಂಡಿದ್ದಾನೆ. ಇದು ಕಣ್ಣು. ಇಲ್ಲಿ ಕಾಲರು. ಹೇಳುತ್ತಿದ್ದುದೆಲ್ಲ ನಿಜವಾಗಿತ್ತು, ಬೆರಳ ಕೆಳಗೆ ಸುಣ್ಣದ ಗೋಡೆಯಿತ್ತು. "ಬಲಗೈ ಎತ್ತಿದ್ದಾನೆ ಅಪ್ಪ. ಅಂಗೈ ನಿನ್ನ ಕಡೆಗಿದೆ."

"ಬೆರಳು ಬಿಡಿಸಿದ್ದಾನಾ, ಜೋಡಿಸಿದ್ದಾನಾ?"

ಅವಳಿಗೆ ನೆನಪಿರಲಿಲ್ಲ. ಹಾಲಿನೊಳಗೆ ಕಂಡ ಕೈ, ಒಂದು ಕ್ಷಣ ಕಂಡದ್ದು. ಇಬ್ಬರ ನಡುವಿನ ಕೈಭಾಷೆಯಲ್ಲಿ ಬಿಡಿಸಿದ್ದಕ್ಕೆ ಏನು ಅರ್ಥ, ಜೋಡಿಸಿದ್ದಕ್ಕೆ ಏನು, ಅದೂ ಗೊತ್ತಿರಲಿಲ್ಲ. "ಬಿಡಿಸಿದ್ದಾನೆ," ಎಂದಳು.

ಅಪ್ಪ ತಲೆಯಾಡಿಸಿದ. ಅಂಗೈಯನ್ನು ಪೂರ್ತಿ ಗೋಡೆಗೆ ಒತ್ತಿದ. "ನಾನು ನಿದ್ದೆ ಮಾಡ್ಲಿಲ್ಲ ಕಣಣ್ಣ," ಎಂದ, ಗೋಡೆಗೆ, ಪಕ್ಕದಲ್ಲಿ ನಿಂತವರ ಜೊತೆ ಮಾತಾಡುವಷ್ಟೇ ಮೆಲ್ಲಗೆ. "ಹಗ್ಗಾನೂ ಜಾರ್ಲಿಲ್ಲ. ಅಂಗೈಯಲ್ಲಿ ಗುಳ್ಳೆ ಎದ್ದಿತ್ತು, ಒಡೀತು. ಉರಿ ತಡೀಲಾರ್ದೆ ಬಿಟ್ಟೆ. ಗೊತ್ತಿದ್ದೇ ಬಿಟ್ಟೆ, ಒಂದೇ ಗಳಿಗೆ. ಮತ್ತೆ ಹಿಡ್ಕೊಳ್ಳೋಣ ಅಂತ ಬಿಟ್ಟೆ." ಮೂಗು ಸೇದಿದ. "ಅಷ್ಟೇ. ಇಷ್ಟು ಹೇಳೋಕೆ ಬರ್ಬೇಕು ಅಂತಿದ್ದೆ."

ಅವಳ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಅಪ್ಪನ ಮಾತಿಗಿಂತ ಚಿಕ್ಕದು, ಎರಡೇ ಪದ. ಅದು ಹಲ್ಲಿನ ಹಿಂದೆ ಬಂದು ನಿಂತು, ಅಳುವಾಗಿ ಹೊರಬಿತ್ತು. ಅಪ್ಪ ಸದ್ದು ಬಂದ ಕಡೆ ತಿರುಗಿ, ಅವಳ ತಲೆ ಹುಡುಕಿ ಮೇಲೆ ಕೈಯಿಟ್ಟ. "ಏ, ನೀನ್ಯಾಕೆ ಅಳ್ತೀಯ ಹುಚ್ಚಿ? ಕಣ್ಣು ಹೋಗಿದ್ದು ನನ್ದು. ನೀನು ನಿನ್ನ ಕೆಲ್ಸ ಸರಿಯಾಗೇ ಮಾಡಿದ್ದೀಯ."

ಅದಾದ ಮೇಲೆ ಅಪ್ಪ ಕಣ್ಣಿದ್ದವನ ಹಾಗೆ ನಡೆಯುವುದನ್ನು ಬಿಟ್ಟ. ಗೋಡೆಯ ಅಂಚು, ಬಾಗಿಲ ಬೆಳಕು ಹಿಡಿದು ಓಡಾಡುತ್ತಿದ್ದವನು ಈಗ ಎರಡೂ ಕೈ ಮುಂದೆ ಚಾಚಿ, ನಿಂತು ನಿಂತು, ಅವಳನ್ನು ಕರೆದು ನಡೆಯತೊಡಗಿದ. ಎದುರಿಗೆ ಏನಾದರೂ ಮಿನುಗಿದರೆ ನಂಬಬಾರದೆಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ವಾರ ಕಳೆದಿರಬೇಕು. ಅವಳು ಕೆಲಸಕ್ಕೆ ಹೊರಟು, ಕಪ್ಪು ಸೀರೆಯುಟ್ಟು, ಬೆಳಗಿನ ಬಿಸಿಲಿಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ನಿಂತಿದ್ದಳು. ಅಪ್ಪ ಒಳಗಿನಿಂದ ಬರುತ್ತಿದ್ದವನು ತಡೆದು ನಿಂತ. ಕತ್ತು ನಿಧಾನವಾಗಿ ಓರೆಯಾಯಿತು.

"ಬಾಗಿಲಲ್ಲಿ ನೀನು ನಿಂತ ಹಾಗೆ ಕಾಣಿಸ್ತು," ಎಂದ. "ಕಪ್ಪಗೆ. ನಿಂತಿದ್ದೀಯಾ ಮಗಳೇ?"

ಅವಳ ಚಪ್ಪಲಿ ಕೈಯಲ್ಲಿತ್ತು. ಒಂದು ಹೆಜ್ಜೆ, ಸದ್ದಾಗದಂತೆ, ಪಕ್ಕಕ್ಕೆ ಸರಿದಳು. ಬಾಗಿಲು ಖಾಲಿಯಾಗಿ ಬಿಸಿಲು ಒಳಗೆ ಬಿತ್ತು.

"ಇಲ್ಲ," ಎಂದುಕೊಂಡ ಅಪ್ಪ, ತನಗೆ ತಾನೇ, ಮತ್ತೆ ಕೈ ಮುಂದೆ ಚಾಚಿ. "ಯಾರೂ ಇಲ್ಲ."